ಬೇರಿಗೆ ಬೂದಿ ಬೇಡ

"ಕೈ ತೆಗಿ! ತೆಗಿ ಅಂದ್ನಲ್ಲ...!"

ಕೆರಾನಾಳ ಕೂಗಿಗೆ ಬೀಚ್ ಎಂಬ ಕಾಡುಮರಗಳ ಮೇಲಿದ್ದ ಕಾಗೆಗಳೆಲ್ಲ ಒಮ್ಮೆಗೇ ಎದ್ದು ಹಾರಿದವು. ಹಳ್ಳದ ದಂಡೆಯಲ್ಲಿ ಮಂಡಿಯೂರಿದ್ದವನು ತಿರುಗಿ ನೋಡಿದ. ಮುಖ, ಕತ್ತು, ಕೈ ಎಲ್ಲವೂ ಇದ್ದಿಲಿನಿಂದ ಕಪ್ಪಾಗಿದ್ದವು. ಆ ಕಪ್ಪು ಬೆರಳುಗಳ ನಡುವೆ ಒಂದು ದಪ್ಪ ಮೊಗ್ಗಿತ್ತು.

ನೇರಳೆ ಹೂ ಬಿಡುವ ಅವಳ ಜೆಲೆನಿಕ ಗಿಡದಲ್ಲಿದ್ದ ಒಂದೇ ಒಂದು ಮೊಗ್ಗು!

"ಕಿತ್ತೇಬಿಟ್ಯಾ? ಇಡೀ ಸ್ತ್ರಾಂಜಾ ಕಾಡಲ್ಲಿ ನಿಂಗೆ ಇದೇ ಬೇಕಿತ್ತಾ?" ಅವಳ ದನಿ ಒಡೆಯಿತು.

"ಗಿಡದಲ್ಲಿ ತ್ರಾಣ ಇಲ್ಲ ಕಣಮ್ಮಾ. ಹೂ ಬಿಡೋಕೆ ಹೋದ್ರೆ ಎಲೆಗೆ ಏನೂ ಉಳಿಯಲ್ಲ. ಅದಕ್ಕೇ ಚಿವುಟಿದೆ..."

"ಇದು ಯಾರ ಗಿಡ ಗೊತ್ತಾ?"

"ಕಾಡಿಂದು."

"ನಂದು! ನಾನು ಹುಟ್ಟಿದ ದಿನ ಅಪ್ಪ ನೆಟ್ಟಿದ್ದು. ನಮ್ಮೂರಲ್ಲಿ ಗಿಡ ಒಣಗಿದ್ರೆ ಹುಡುಗಿಯೂ ಉಳಿಯಲ್ಲ. ನಮ್ಮಮ್ಮ ಹಂಗೇ ಹೋದ್ಲು. ಈಗ ನನ್ನ ಸರದಿ... ನೀನು ಬಂದು ಅದನ್ನೂ ಬೇಗ ಮಾಡಿಸ್ತಿದೀಯ!"

ಅವನ ಮುಖದ ನಗು ಆರಿಹೋಯಿತು. ಗಿಡದ ಕಡೆ ಮತ್ತೊಮ್ಮೆ ನೋಡಿದ. ಮೊಣಕಾಲೆತ್ತರವೂ ಇಲ್ಲ. ಎಲೆಗಳು ಹಳದಿ, ನರಗಳು ಮಾತ್ರ ಹಸಿರು.

"ನಿನ್ನಷ್ಟೇ ವಯಸ್ಸಿಂದಾ ಇದು? ಇಷ್ಟೊತ್ತಿಗೆ ನಿನ್ನ ತಲೆ ಮೀರಿ ನಿಲ್ಲಬೇಕಿತ್ತು. ಬೇರಿಗೆ ಏನು ಹಾಕ್ತೀರಾ?"

"ನಿನ್ನ ಕೈ ಸೇದಿಹೋಗ!" ಎಂದು ಶಪಿಸಿ ಓಡಿದಳು. ದಾರಿಯುದ್ದಕ್ಕೂ ಅಳು.

ಮನೆಯಲ್ಲಿ ಸುದ್ದಿ ಕೇಳಿದ ಅಜ್ಜಿ ಸುಲ್ತಾನಾಳ ಕೈಯಿಂದ ಹುರುಳಿಕಾಯಿ ಸಾರಿನ ಬಟ್ಟಲು ಜಾರಿತು.

"ಇದ್ದಿಲು ಸುಡೋನ ಕೈ ತಾಗ್ತಾ? ಅಯ್ಯೋ ನನ್ನ ತಾಯೇ... ಕರಿ ಕೈ ಮುಟ್ಟಿದ ಗಿಡ ಚಿಗುರುತ್ತೇನೇ? ಒಂದು ವರ್ಷ ಕಾಲುನೋವು ಅಂತ ನಿಮ್ಮಮ್ಮನ ಗಿಡಕ್ಕೆ ಬೂದಿ ಹಾಕದೆ ಕೂತೆ. ಆ ಚಳಿಗಾಲದಲ್ಲೇ ಗಿಡವೂ ಹೋಯ್ತು, ಜ್ವರ ಬಂದು ಮಗಳೂ ಹೋದ್ಲು. ನಾನೇ ಕಣೇ ಕೊಂದಿದ್ದು!"

ಬೂದಿ ಎಂದರೆ ಒಲೆಯ ಬೂದಿಯಲ್ಲ. ಸಂತ ಕೋನ್‌ಸ್ತಂತಿನನ ಹಬ್ಬದಲ್ಲಿ ಬರಿಗಾಲಲ್ಲಿ ಕುಣಿದ ಕೆಂಡದ ಬೂದಿ. ಊರಿನ ಬೇರೆ ತಾಯಂದಿರು ತಮ್ಮ ಹುಡುಗಿಯ ಗಿಡಕ್ಕೆ ಒಂದು ಚಿಟಿಕೆ ಹಾಕಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಮಗಳನ್ನು ಕಳೆದುಕೊಂಡ ಸುಲ್ತಾನಾಗೆ ಚಿಟಿಕೆ ಸಾಕಾದೀತೇ? ಗಡಿಗೆಗಟ್ಟಲೆ ಹೊತ್ತು ಸುರಿಯುತ್ತಿದ್ದಳು. ಗಿಡ ಹಳದಿಯಾದಷ್ಟೂ ಅವಳ ಗಡಿಗೆ ದೊಡ್ಡದಾಗುತ್ತಿತ್ತು.

ಊರಿನವರಿಗೆ ಇದೆಲ್ಲ ಗೊತ್ತಿತ್ತು. ಬಾವಿಕಟ್ಟೆಗೆ ಕೆರಾನಾ ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಹೊಸದಾಗಿ ಮದುವೆಯಾದವರು ತಮ್ಮ ಕೊಡವನ್ನು ಮೆಲ್ಲಗೆ ಆಚೆ ಸರಿಸುತ್ತಿದ್ದರು. ಕೇಳಿ ಬಂದ ವರಗಳನ್ನು ಅವಳೇ ವಾಪಸು ಕಳಿಸಿದ್ದಳು. 'ಸಾಯೋಳನ್ನ ಕಟ್ಟಿಕೊಂಡು ಯಾಕೆ ಇನ್ನೊಬ್ಬ ಅಳಬೇಕು?' ಎಂದು ಅವಳ ಲೆಕ್ಕ. ಪಾಪದ ಹುಡುಗಿ!

ಆದರೂ ಆ ಕಪ್ಪು ಮುಖದವನ ಪ್ರಶ್ನೆ ಅವಳನ್ನು ಬಿಡಲಿಲ್ಲ. 'ಬೇರಿಗೆ ಏನು ಹಾಕ್ತೀರಾ?' ಹಾಗೇಕೆ ಕೇಳಿದ?

ಬೈಯಲೆಂದೇ ಹೊರಟು ಅವನ ಇದ್ದಿಲ ಗೂಡಿನ ಬಳಿ ಬಂದು ನಿಂತಳು. ಮಣ್ಣು ಮುಚ್ಚಿದ ಕಟ್ಟಿಗೆಯ ರಾಶಿ ಒಳಗೊಳಗೇ ಸುಡುತ್ತ ನೀಲಿ ಹೊಗೆ ಬಿಡುತ್ತಿತ್ತು. ಅವನ ಹೆಸರು ಲೆಫ್ತೆರ್. ಆಚೆ ಬೆಟ್ಟದವನು. ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ.

"ಶಾಪ ಹಾಕೋದು ಬಾಕಿ ಇತ್ತಾ?" ಎಂದ.

"ಬಾಕಿ ಬೇಕಾದಷ್ಟಿದೆ. ಮೊದಲು ಹೇಳು. ಬೇರಿನ ಬಗ್ಗೆ ಯಾಕೆ ಕೇಳ್ದೆ?"

ಅವನು ಅವಳನ್ನು ಹಳೆಯ ಗೂಡುಗಳಿದ್ದ ಜಾಗಕ್ಕೆ ಕರೆದೊಯ್ದ. ಸುತ್ತಲೂ ಜೆಲೆನಿಕದ ಪೊದೆ, ಮನುಷ್ಯನಿಗಿಂತ ಎತ್ತರ, ದಟ್ಟ ಹಸಿರು. ಗೂಡು ಸುಟ್ಟಿದ್ದ ಜಾಗ ಮಾತ್ರ ಬೋಳು.

"ನಮ್ಮಪ್ಪ ಸುಟ್ಟ ಗೂಡು ಇದು. ಇವತ್ತಿಗೂ ಇಲ್ಲಿ ಒಂದು ಜೆಲೆನಿಕ ಎದ್ದಿಲ್ಲ. ಇದಕ್ಕೆ ತರಗೆಲೆ ಕೊಳೆತ ಹುಳಿ ಮಣ್ಣೇ ಬೇಕು. ಬೂದಿ ಕಂಡ್ರೆ ಆಗಲ್ಲ."

ಕೆರಾನಾ ಬಾಗಿ ಆ ಬೋಳು ನೆಲವನ್ನು ಮುಟ್ಟಿ ನೋಡಿದಳು.

"ಅದು ಸಂತನ ಬೂದಿ..."

"ಹಣೆಗೆ ಇಟ್ಕೋ, ನಾನೂ ಇಟ್ಕೋತೀನಿ. ಬೇರಿಗೆ ಅದು ಬರೀ ಬೂದಿ ಕಣೇ."

ಅಂದಿನಿಂದ ಇಬ್ಬರೂ ಅಜ್ಜಿಯ ಕಣ್ಣು ತಪ್ಪಿಸಿ ಗಿಡದ ಬುಡದಲ್ಲಿ ಕೂತರು. ಬೇರು ಮೇಲೆಮೇಲೇ ಹರಡಿರುವ ಗಿಡ, ಗುದ್ದಲಿ ತಾಗಿಸುವಂತಿಲ್ಲ. ಬೆರಳಿನಿಂದಲೇ ಬೂದಿಯ ಹೆಪ್ಪು ಕೆರೆದು ತೆಗೆದರು. ಬೀಚ್ ಮರದಡಿಯ ಕಪ್ಪು ಮಣ್ಣು ತುಂಬಿದರು. ಮೇಲೆ ತರಗೆಲೆಯ ಹೊದಿಕೆ, ಹಳ್ಳದ ನೀರು.

"ನಿನ್ನ ಕೈಯೂ ಕಪ್ಪಾಯ್ತು ನೋಡು, ಇನ್ನು ನಿನ್ನನ್ನ ಯಾರು ಮಾಡ್ಕೋತಾರೆ?" ಎಂದು ಅವನು ರೇಗಿಸಿದ.

"ಅದರ ಚಿಂತೆ ನಿಂಗ್ಯಾಕೆ?"

"ನಂಗೇ ಇರೋದು ಚಿಂತೆ. ಕೆರಾನಾ, ನಾನು ನಿನ್ನ..."

"ಬೇಡ!" ಅವಳು ಅವನ ಬಾಯಿ ಮುಚ್ಚಿದಳು. "ಆ ಮಾತು ಆಡ್ಬೇಡ. ನಾನು ಉಳಿಯೋಳಲ್ಲ."

ಅವನು ಆಡಲಿಲ್ಲ. ಆದರೆ ಬರುವುದನ್ನು ನಿಲ್ಲಿಸಲೂ ಇಲ್ಲ.

ಹಬ್ಬ ಬಂತು. ಅಜ್ಜಿಗೆ ಕಾಲುನೋವು, ಬೂದಿಯ ಗಡಿಗೆಯನ್ನು ಮೊಮ್ಮಗಳ ಕೈಗೇ ಕೊಟ್ಟಳು. ಕೆರಾನಾ ಅದರಲ್ಲಿ ಅರ್ಧವನ್ನು ಹಳ್ಳಕ್ಕೆ ಸುರಿದು, ಉಳಿದದ್ದನ್ನು ಹಣೆಗಿಟ್ಟುಕೊಳ್ಳಲೆಂದು ಮನೆಯ ಮೂಲೆಯಲ್ಲಿಟ್ಟು, "ಹಾಕಿದೆ ಅಜ್ಜಿ" ಎಂದು ಸುಳ್ಳು ಹೇಳಿದಳು. ಅಂದು ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. 'ಅಮ್ಮನ ಗಿಡಕ್ಕೂ ಬೂದಿ ತಪ್ಪಿದ ವರ್ಷವೇ...'

ಎಲೆ ಉದುರುವ ಕಾಲಕ್ಕೆ ಅವಳಿಗೆ ಜ್ವರ ಹಿಡಿಯಿತು.

ಎಂಥ ಜ್ವರ ಅಂತೀರಿ! ಹಲ್ಲು ಕಟಕಟ ಅನ್ನುವ ನಡುಕ, ಮೈ ಮುಟ್ಟಿದರೆ ಸುಡುತ್ತಿತ್ತು. ಲಿಂಡೆನ್ ಹೂವಿನ ಕಷಾಯ ಗಂಟಲಿನಿಂದ ಕೆಳಗಿಳಿಯಲಿಲ್ಲ. ಪಾದ್ರಿ ಬಂದು ಪ್ರಾರ್ಥನೆ ಹೇಳಿ ಹೋದರು. ಬಾವಿಕಟ್ಟೆಯ ಹೆಂಗಸರು ಸಾವಿನ ಮನೆಗೆ ಹೊದೆಯುವ ಕಪ್ಪು ಶಾಲು ತೊಳೆದು ಒಣಹಾಕಿದ್ದಾರೆಂದು ಯಾರೋ ಹೇಳಿದರು. ಬಾಗಿಲಿಗೆ ಬಂದ ಲೆಫ್ತೆರನನ್ನು ಅಜ್ಜಿ ಪೊರಕೆ ಹಿಡಿದು ಓಡಿಸಿದಳು.

ಜ್ವರದ ಬಡಬಡಿಕೆಯಲ್ಲಿ ಕೆರಾನಾ ಎಲ್ಲ ಹೇಳಿಬಿಟ್ಟಳು.

"ಬೂದಿ ಹಾಕ್ಲಿಲ್ಲ ಅಜ್ಜೀ... ಹಳ್ಳಕ್ಕೆ ಸುರಿದೆ... ಲೆಫ್ತೆರ್ ಬೇಡ ಅಂದ..."

ಸುಲ್ತಾನಾ ಧಡಕ್ಕನೆ ಎದ್ದಳು. ಕಾಲುನೋವನ್ನೂ ಮರೆತು, ಮೂಲೆಯಲ್ಲಿದ್ದ ಗಡಿಗೆ ಎತ್ತಿಕೊಂಡು ಆ ಮಧ್ಯಾಹ್ನವೇ ಕಾಡಿನ ದಾರಿ ಹಿಡಿದಳು.

ಬಾಗಿಲು ಬಡಿದ ಸದ್ದಿಗೆ ಕೆರಾನಾ ಕಣ್ಣು ಬಿಟ್ಟಳು. ಮೂಲೆ ಖಾಲಿ! ಏಳಲಾರಳು, ಆದರೂ ಎದ್ದಳು. ಕಂಬಳಿ ಹೊದ್ದು, ಬೇಲಿ ಹಿಡಿದು, ಮರ ಹಿಡಿದು, ಬೀಳುತ್ತ ಏಳುತ್ತ ನಡೆದಳು. ಕಾಡಿನಲ್ಲಿ ಒಂದು ಹಕ್ಕಿಯ ದನಿಯೂ ಇರಲಿಲ್ಲ. 'ಬೂದಿ ಹಾಕಿಸಿಕೊಂಡು ಬದುಕಲಾ? ಅವನ ಮಾತು ನಂಬಿ ಸಾಯಲಾ?' ಹೆಜ್ಜೆಹೆಜ್ಜೆಗೂ ಅದೇ ಪ್ರಶ್ನೆ.

ಹಳ್ಳದ ದಂಡೆಯಲ್ಲಿ ಕಂಡ ನೋಟಕ್ಕೆ ಅವಳು ನಿಂತಲ್ಲೇ ನಿಂತಳು.

ಅಜ್ಜಿ ಓಡಿಸಿದ ಮೇಲೆ ಅಲ್ಲೇ ಗಿಡ ಕಾಯುತ್ತಿದ್ದ ಲೆಫ್ತೆರ್ ಅದರ ಬುಡವನ್ನು ಮೈಯಿಂದ ಮುಚ್ಚಿಕೊಂಡು ಬೋರಲು ಬಿದ್ದಿದ್ದ. ಅವನ ತಲೆ, ಬೆನ್ನು ಎಲ್ಲ ಬೂದಿಯಿಂದ ಬೆಳ್ಳಗಾಗಿತ್ತು.

"ಏಳೋ ಚಂಡಾಲ! ನನ್ನ ಮಗು ಅಲ್ಲಿ ಸಾಯ್ತಿದೆ!" ಎಂದು ಅಜ್ಜಿ ಕಿರುಚುತ್ತಿದ್ದಳು.

"ನನ್ನ ಮೇಲೆ ಸುರೀರಿ ಅಜ್ಜಿ. ಹೊಡೀರಿ, ಬೇಡ ಅನ್ನಲ್ಲ. ಬೇರಿಗೆ ಮಾತ್ರ ಬೇಡ!" ಅವನು ಅಳುತ್ತಿದ್ದ. "ಇದು ಹೋದ್ರೆ ಅವಳಿಗೆ ಬದುಕೋ ಧೈರ್ಯವೇ ಹೋಗುತ್ತೆ. ಅವಳಿಲ್ಲದೆ ನಾನು ಹೆಂಗಿರಲಿ?"

"ಅಜ್ಜೀ..."

ಇಬ್ಬರೂ ತಿರುಗಿದರು. ಕೆರಾನಾ ಬಂದು ಅಜ್ಜಿಯ ಕೈ ಹಿಡಿದಳು. ಅವಳ ಕೈ ಕಾದ ಹೆಂಚಿನಂತಿತ್ತು.

"ಬೇಡ ಅಜ್ಜಿ. ನಾನು ಸತ್ರೆ ಜ್ವರದಿಂದ ಸಾಯ್ತೀನಿ. ಅಮ್ಮನೂ ಹಂಗೇ ಹೋದ್ಲು. ನೀನು ಕೊಂದಿಲ್ಲ. ಬೂದಿ ಹಾಕದೇ ಇದ್ದಿದ್ದಕ್ಕೆ ಯಾರೂ ಸತ್ತಿಲ್ಲ..."

ಸುಲ್ತಾನಾ ಗಿಡದ ಕಡೆ ನೋಡಿದಳು. ಬುಡದಲ್ಲಿ ಎರಡು ಎಳೆ ಕುಡಿ, ಹಳದಿಯ ಸುಳಿವೇ ಇಲ್ಲದ ಹಸಿರು. ಗಡಿಗೆ ಕೆಳಗಿಟ್ಟಳು.

"ಹಂಗಾದ್ರೆ... ಇಷ್ಟು ವರ್ಷ ಇದನ್ನ ಒಣಗಿಸಿದ್ದು ನಾನೇನಾ?"

ಕೆರಾನಾ ಅಜ್ಜಿಯ ತೋಳಿನಲ್ಲೇ ಕುಸಿದಳು. ಲೆಫ್ತೆರ್ ಅವಳನ್ನು ಹೊತ್ತು ನಡೆದ. ಅಜ್ಜಿ ಪೊರಕೆ ಎತ್ತಲಿಲ್ಲ, ಮುಂದೆ ಓಡಿಹೋಗಿ ಬಾಗಿಲು ತೆರೆದಳು.

ಆಮೇಲೆ ಬಂದ ದಿನಗಳು ಆ ಮನೆಗೆ ನರಕವಾಗಿದ್ದವು. ಇವತ್ತೋ ನಾಳೆಯೋ ಎಂದು ಊರೇ ಕಾಯಿತು. ಹಿಮ ಬಿತ್ತು. ಹಿಮದ ಜೊತೆಗೇ ಎಂಬಂತೆ ಜ್ವರ ಇಳಿಯಿತು, ಆದರೆ ಯಾರೂ ಬಾಯಿಬಿಟ್ಟು ಸಂತೋಷಪಡಲಿಲ್ಲ. ಭಯ ಅಷ್ಟು ಸುಲಭವಾಗಿ ಬಿಡುತ್ತದೆಯೇ?

ವಸಂತದಲ್ಲಿ ಕೋಲೂರಿಕೊಂಡು ಕೆರಾನಾ ಹಳ್ಳಕ್ಕೆ ಬಂದಳು. ಗಿಡ ಅವಳ ಸೊಂಟಕ್ಕೆ ಇನ್ನೂ ಬಂದಿರಲಿಲ್ಲ, ಆದರೆ ಕೊಂಬೆ ಕೊಂಬೆಗೂ ಗೇಣುದ್ದದ ಹೊಸ ಚಿಗುರಿತ್ತು. ಅಜ್ಜಿ ತರಗೆಲೆಯ ಮೂಟೆ ತಂದು ಬುಡಕ್ಕೆ ಸುರಿದು, ಲೆಫ್ತೆರನ ಮುಖ ನೋಡದೆಯೇ "ಸಾಕಾ, ಇನ್ನೂ ಬೇಕೇನೋ?" ಎಂದು ಗೊಣಗಿ ಹೊರಟುಹೋದಳು.

ಇಬ್ಬರೇ ಉಳಿದರು.

"ಲೆಫ್ತೆರ್... ಇದು ಪೂರ್ತಿ ಬೆಳೆಯೋಕೆ ಎಷ್ಟು ವರ್ಷ ಬೇಕು?"

ಅವನು ಬೆರಗಾಗಿ ನೋಡಿದ. ಮುಂದಿನ ವರ್ಷದ ಮಾತನ್ನು ಅವಳು ಎಂದೂ ಆಡಿದ್ದಿಲ್ಲ.

"ತುಂಬಾ ವರ್ಷ. ನಾವಿಬ್ರೂ ಮುದುಕರಾಗ್ಬೇಕು."

"ಅಷ್ಟು ದಿನ ನಾನಿರ್ತೀನಾ?"

"ಇರ್ಲೇಬೇಕು ಕಣೇ. ಇಷ್ಟೊಂದು ತರಗೆಲೆ ಒಬ್ಬನೇ ಹೊರೋಕೆ ನನ್ನ ಕೈಲಾಗಲ್ಲ."

ಅವಳು ನಗುತ್ತಲೇ ಅತ್ತಳು. ಕಪ್ಪು ಹಿಡಿದ ಅವನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಆಯ್ತು," ಎಂದಳು. "ಇರ್ತೀನಿ."