ಅಕ್ಷರ ಮುಂದಕ್ಕೆ ಹೋಗುತ್ತದೆ

“ಅಯ್ಯೋ, ನಾಳೆ ಎ ದಿನಾನೋ ಬಿ ದಿನಾನೋ? ಅದನ್ನಾದ್ರೂ ನೆಟ್ಟಗೆ ಬರೀಬಾರ್ದಾ ಈ ಮಿಸ್ಸು!” ಆಯ್ಲಾ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

ಫೋನಿನಲ್ಲಿದ್ದದ್ದು ವಿಜ್ಞಾನದ ತಿಬಡೋ ಮಿಸ್ ಕಳಿಸಿದ ವಾರದ ಓಲೆ. ಏನು ಪಾಠ, ಏನು ಹೋಮ್‌ವರ್ಕ್ ಎಂದು ಪ್ರತಿ ಭಾನುವಾರ ಆರನೇ ಕ್ಲಾಸಿನ ಎಲ್ಲ ಮನೆಗಳಿಗೂ ಅದು ಬರುತ್ತಿತ್ತು. ಆಯ್ಲಾಳ ಶಾಲೆಯಲ್ಲಿ ದಿನಕ್ಕೊಂದು ಅಕ್ಷರ: ಒಂದು ದಿನ ಎ, ಮಾರನೆಯ ದಿನ ಬಿ. ಅವಳದು ಬಿ ಗುಂಪು. ಬಿ ದಿನ ಬಂದರಷ್ಟೇ ಅವಳಿಗೆ ವಿಜ್ಞಾನ. ಈ ವಾರದ ಓಲೆಯಲ್ಲಿ ಹೀಗಿತ್ತು: ‘ಮಕ್ಕಳು ತಮ್ಮ ಪ್ರಯೋಗ ತೋರಿಸುತ್ತಾರೆ. ಬುಧವಾರ ಎ ಗುಂಪು, ಗುರುವಾರ ಬಿ ಗುಂಪು. ಮನೆಯವರು ದಯವಿಟ್ಟು ಬನ್ನಿ.’

ಆದರೆ ಇವತ್ತು, ಬುಧವಾರ, ಹಿಮ ಸುರಿದು ಶಾಲೆಗೆ ರಜೆ ಬಿದ್ದಿತ್ತು. ಓಲೆಯ ತುದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ‘ಹಿಮದ ರಜೆ ಬಂದರೆ ಅಕ್ಷರ ಮುಂದಕ್ಕೆ ಹೋಗುತ್ತದೆ.’

“ಮುಂದಕ್ಕೆ ಹೋಗುತ್ತೆ ಅಂದ್ರೆ ಎ ಮುಗೀತು, ಮುಂದೆ ಬಿ ಅಂತ ತಾನೆ, ಮುಮ್ಮೊ?” ಆ ಮನೆಯಲ್ಲಿ ಅಜ್ಜಿಗೆ ಮುಮ್ಮೊ ಎನ್ನುತ್ತಿದ್ದರು.

“ಮದುವೆ ಮುಂದಕ್ಕೆ ಹೋಯ್ತು ಅಂದ್ರೆ ಮದುವೆ ಮುಗೀತು ಅಂತಾನಾ? ಎ ನಾಳೆಗೆ ಹೋಯ್ತು ಕಣೇ, ಪೆದ್ದಿ.”

“ನಿಂಗೆ ಶಾಲೆ ವಿಷ್ಯ ಗೊತ್ತಾಗಲ್ಲ ಬಿಡು!”

“ಹೂಂ, ನಾನು ಮುದುಕಿ. ನಂಗೇನು ಗೊತ್ತು!”

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಅವರು ರಸ್ತೆಯ ಹಿಮ ತಳ್ಳಿ ಉಪ್ಪು ಚೆಲ್ಲುವ ಲಾರಿ ಓಡಿಸುತ್ತಿದ್ದರು. ಹಿಮ ಬಿದ್ದರೆ ಊರಿಗೆಲ್ಲ ರಜೆ, ಅಪ್ಪನಿಗೆ ಮಾತ್ರ ಕೆಲಸ. ಚಳಿಗಾಲವಿಡೀ ಬಿಡುವಿಲ್ಲದೆ, ಈ ವರ್ಷ ಒಂದು ಸಲವೂ ಅವರು ಶಾಲೆಗೆ ಬಂದಿರಲಿಲ್ಲ.

“ನಾಳೆ ಒಂದಿನ ರಜ ಸಿಕ್ಕಿದೆ ಕಣೇ! ಶುಕ್ರವಾರ ಮತ್ತೆ ಹಿಮ ಅಂತೆ, ಆಗ ಆಗಲ್ಲ. ನಿಂದು ನಾಳೇನೇ ತಾನೆ?”

ಆಯ್ಲಾ ಮುಮ್ಮೊ ಕಡೆ ನೋಡಲಿಲ್ಲ. “ನಾಳೇನೇ ಅಪ್ಪಾ,” ಎಂದುಬಿಟ್ಟಳು.

ಗುರುವಾರ ಶಾಲೆಯ ಬಾಗಿಲ ಬಳಿಯ ಹಲಗೆಯಲ್ಲಿ ದಪ್ಪಗೆ ‘ಎ’ ಎಂದು ಬರೆದಿತ್ತು. ಆಯ್ಲಾ ಆಫೀಸಿಗೆ ಓಡಿ ಮನೆಗೆ ಫೋನ್ ಮಾಡಿದಳು.

“ಅವನು ಆಗಲೇ ಹೊರಟ,” ಎಂದರು ಮುಮ್ಮೊ. “ಫೋನ್ ಇಲ್ಲೇ ಬಿಟ್ಟುಹೋಗಿದಾನೆ.”

ಸಂಗೀತದ ಕ್ಲಾಸಿಗೆ ಹೋಗುವಾಗ ಅವಳು ವಿಜ್ಞಾನದ ಕೋಣೆಯ ಗಾಜಿನಲ್ಲಿ ಇಣುಕಿದಳು. ಎ ಗುಂಪಿನ ಒಡೆಸ್ಸಾ ಎಂಬ ಹುಡುಗಿ ಅಯಸ್ಕಾಂತ ಹಿಡಿದು ಏನೋ ವಿವರಿಸುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಅಪ್ಪ ಒಬ್ಬರೇ ಕೂತು ಚಪ್ಪಾಳೆ ಹೊಡೆಯುತ್ತಿದ್ದರು. ಆಯ್ಲಾಗೆ ಅಳು ಉಕ್ಕಿಬಂತು. ಅವರು ನನ್ನ ಅಪ್ಪ!

“ಎ ದಿನ ಅಂತ ಗೊತ್ತಾದ್ಮೇಲೂ ಯಾಕೆ ಕೂತೆ?” ಸಂಜೆ ಅವಳು ಅಪ್ಪನ ಮೇಲೆ ಹರಿಹಾಯ್ದಳು.

ಅಪ್ಪ ಕಣ್ಣುಜ್ಜಿಕೊಂಡರು. “ವಾಪಸ್ ಹೊರಟಿದ್ದೆ ಕಣೇ. ಆ ಹುಡುಗಿ ಎದ್ದು ನಿಂತಳು. ಹಿಂದೆ ಕುರ್ಚಿ ಎಲ್ಲಾ ಖಾಲಿ. ಅವಳು ನನ್ನ ನೋಡಿದ್ಲು ನೋಡು... ಹೇಗೆ ಬರ್ಲಿ?”

“ಮತ್ತೆ ನಾನು?”

ಆಯ್ಲಾ ದಡದಡನೆ ಕೋಣೆಗೆ ಹೋದಳು. ಸಿಟ್ಟು ಅಪ್ಪನ ಮೇಲೋ, ಒಡೆಸ್ಸಾ ಮೇಲೋ, ಆ ಹಾಳು ಓಲೆಯ ಮೇಲೋ, ತನ್ನ ಮೇಲೋ, ಅವಳಿಗೇ ತಿಳಿಯಲಿಲ್ಲ.

ಶುಕ್ರವಾರ ಮತ್ತೆ ಹಿಮ ಬಿತ್ತು. ಶಾಲೆಗೆ ರಜೆ ಕೊಡುವಷ್ಟಲ್ಲ, ಅಪ್ಪನನ್ನು ಕೆಲಸಕ್ಕೆ ಕರೆಸಿಕೊಳ್ಳುವಷ್ಟು.

“ಆಯ್ಲಾ, ಬಾಮ್ಮ,” ಎಂದರು ವಿಜ್ಞಾನದ ಕೋಣೆಯಲ್ಲಿ ತಿಬಡೋ ಮಿಸ್. ಅವಳದೇ ಕೊನೆಯ ಸರದಿ.

ಐಸ್ ತುಂಬಿದ ತಟ್ಟೆ, ಉಪ್ಪಿನ ಡಬ್ಬಿ ಹಿಡಿದು ಅವಳು ಮುಂದೆ ಬಂದಳು. ಬಂದಿದ್ದ ಮನೆಯವರೆಲ್ಲ ತಮ್ಮ ತಮ್ಮ ಮಕ್ಕಳದು ಮುಗಿಯುತ್ತಲೇ ಕೆಲಸಕ್ಕೆ ಹೊರಟುಹೋಗಿದ್ದರು. ಉಳಿದವರು ಒಬ್ಬ ಅಜ್ಜ ಮಾತ್ರ. ಅವರ ಮೊಮ್ಮಗನದೂ ಮುಗಿದಿತ್ತು. ಟೋಪಿ ಹಾಕಿಕೊಂಡು ಅವರೂ ಬಾಗಿಲವರೆಗೆ ಹೋಗಿದ್ದರು.

ಆಯ್ಲಾ ಅವರನ್ನು ನೋಡಿದಳು.

ಅಜ್ಜ ಒಂದು ಗಳಿಗೆ ನಿಂತರು. ಆಮೇಲೆ ಮೆಲ್ಲಗೆ ಟೋಪಿ ತೆಗೆದು, ವಾಪಸ್ ಬಂದು ಕುರ್ಚಿಯಲ್ಲಿ ಕೂತರು.

ಒಡೆಸ್ಸಾ ನಿನ್ನೆ ಅಪ್ಪನನ್ನು ಹೇಗೆ ನೋಡಿರಬಹುದು ಎಂದು ಈಗ ಆಯ್ಲಾಗೆ ಗೊತ್ತಾಯಿತು.

“ರಸ್ತೆಗೆ ಉಪ್ಪು ಹಾಕಿದ್ರೆ ಐಸ್ ಯಾಕೆ ಕರಗುತ್ತೆ ಅಂತ ತೋರಿಸ್ತೀನಿ,” ಎಂದು ಅವಳು ಅಜ್ಜನಿಗೂ ಕೇಳುವಂತೆ ಗಟ್ಟಿಯಾಗಿ ಶುರುಮಾಡಿದಳು.