ಹದಿನೇಳನೆಯ ಗಾಜು

ಕೈಗವಸು ಕಳಚಲು ಎಷ್ಟು ಹೊತ್ತು ಬೇಕು? ಅಷ್ಟೇ ಹೊತ್ತಿನಲ್ಲಿ ಎಲಿಯಾನ್ ತನ್ನ ಅಜ್ಜಿಯ ಊರನ್ನು ಕಳೆದುಕೊಂಡಳು.

ಸಾವಿರದ ಒಂಬೈನೂರ ಎಂಬತ್ತೇಳರ ಅಕ್ಟೋಬರ್. ಲಿಯೋನ್ ನಗರದಲ್ಲಿ ಸೋನ್ ನದಿಯ ದಂಡೆಗುಂಟ ಭಾನುವಾರದ ಹಳೇ ಸಾಮಾನಿನ ಸಂತೆ. ಮದಾಮ್ ಬೆರ್ತೆಯ ಮೇಜಿನ ಮೇಲೆ, ಬಣ್ಣ ಹಾರಿದ ಬಿಸ್ಕತ್ತಿನ ಡಬ್ಬಗಳ ನಡುವೆ, ಅಂಗೈ ಉದ್ದದ ಒಂದು ಗಾಜಿನ ಪಟ್ಟಿ ಬಿದ್ದಿತ್ತು. ಒಂದೇ ಚಿತ್ರ ಅಕ್ಕಪಕ್ಕ ಎರಡು ಬಾರಿ. ಎಲಿಯಾನ್ ಅದನ್ನು ಆಕಾಶಕ್ಕೆ ಹಿಡಿದು ನೋಡಿದಳು. ಕಲ್ಲು ಮೆಟ್ಟಿಲು, ಬುಟ್ಟಿ ಹೊತ್ತ ಹೆಂಗಸರು, ಕೆಳಗೆ ನೀರಿನ ಮೇಲೆ ಬಟ್ಟೆ ಒಗೆಯುವ ಉದ್ದನೆಯ ದೋಣಿ. ಅಜ್ಜಿ ಹೇಳುತ್ತಿದ್ದಂಥದ್ದೇ ದೋಣಿ. ಬರಿಗೈಯಲ್ಲಿ ಮುಟ್ಟಬೇಕೆನಿಸಿ, ಗಾಜನ್ನು ಮೇಜಿನ ಮೇಲಿಟ್ಟು ಕೈಗವಸು ಎಳೆದಳು.

"ಇದು ನಂಗಿರ್ಲಿ, ಮದಾಮ್ ಬೆರ್ತೆ," ಎಂದಿತು ಗಂಡಸಿನ ದನಿಯೊಂದು.

ತಲೆಯೆತ್ತಿದರೆ ಗಾಜು ಇನ್ನೊಬ್ಬನ ಕೈಯಲ್ಲಿ. ಮಾಸಲು ಕೋಟು, ಬಾಚದ ಕೂದಲು, ಹಬ್ಬದ ಮಗುವಿನಂಥ ಮುಖ.

"ಏನ್ರೀ ಇದು? ಅದು ನಂದು!"

"ಕೈಯಲ್ಲಿದ್ದಾಗ ನಿಮ್ದೇ. ಆದ್ರೆ ಕೆಳಗಿಟ್ರಲ್ಲ."

"ಗವಸು ತೆಗೆಯೋಕೆ ಇಟ್ಟೆ!"

"ಮಗಳೇ," ಮದಾಮ್ ಬೆರ್ತೆ ಸಿಗರೇಟಿನ ಬೂದಿ ಕೊಡವಿದಳು. "ಈ ಸಂತೇಲಿ ಸಾಮಾನು ಕೈಯಲ್ಲಿರೋ ತನಕ ದೇವರೇ ಬಂದ್ರೂ ಬೆಲೆ ಕೇಳೋ ಹಾಗಿಲ್ಲ. ಕೆಳಗಿಟ್ಟೆಯೋ, ಮುಗೀತು. ನನ್ನ ಗಂಡ ಹೀಗೇ ಒಂದು ಗಡಿಯಾರ ಕಳ್ಕೊಂಡು, ಸಾಯೋವರೆಗೂ ನನ್ನೇ ಬೈತಿದ್ದ."

ಎಲಿಯಾನಳ ಕಣ್ಣು ತುಂಬಿತು. ಸಿಟ್ಟಿಗೆ ಬರಬೇಕಾದ ಕಣ್ಣೀರು ಬೇರೆ ಯಾವುದಕ್ಕೋ ಬಂದಂತಿತ್ತು.

ಅವಳು ದಿಜೋನಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ರಜೆ ಸಿಕ್ಕರೆ ಸಾಕು, ರೈಲು ಹತ್ತಿ ಒಂದು ಊರಿಗೆ. ರುಆನಿನ ದೊಡ್ಡ ಗಡಿಯಾರ, ಸ್ತ್ರಾಸ್‌ಬೂರ್ಗಿನ ಕಾಲುವೆ ಬದಿಯ ಮನೆಗಳು, ನಾಂತ್‌ನ ಬಂದರು, ಎಲ್ಲವನ್ನೂ ಕಾಲು ನೋಯುವಷ್ಟು ನೋಡಿ ಬರುವಾಗ ಒಂದೇ ಒಂದು ಹಳೆಯ ವಸ್ತು ತರುವಳು. ಲಿಯೋನಿಗೆ ಮಾತ್ರ ಬಂದಿರಲಿಲ್ಲ. ಇದು ಅಜ್ಜಿ ಓಗುಸ್ತೀನಳ ಊರು. ಒಲೆಯ ಮುಂದೆ ಕೂತು ಅಜ್ಜಿ ಕಥೆಯಲ್ಲಿ ಕಟ್ಟಿಕೊಟ್ಟ ಊರು. ನಿಜದ ಊರು ಕಂಡರೆ ಕಥೆಯದು ಅಳಿಸಿಹೋದೀತೆಂಬ ಅಂಜಿಕೆ. ಫೆಬ್ರವರಿಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ಒಲೆಯೂ ಮೌನವಾಗಿ, ಅವಳು ಬಾರದೆ ಇರಲಾರದೆ ಬಂದಿದ್ದಳು.

"ಅಳ್ತಿದೀರಾ?" ಅವನ ನಗು ಅರ್ಧಕ್ಕೇ ನಿಂತಿತು.

"ನದಿ ಗಾಳಿ."

"ಗಾಳಿ ಆ ಕಡೆ ಬೀಸ್ತಿದೆ."

ಅವನ ಹೆಸರು ರೆಮಿ. ಹಳೇ ಪೇಟೆಯಲ್ಲಿ ಕೈಗಡಿಯಾರ ರಿಪೇರಿ. ಯಾರೋ ಹೆಸರಿಲ್ಲದ ಹವ್ಯಾಸಿಯೊಬ್ಬ ಎಂಬತ್ತು ವರ್ಷದ ಹಿಂದೆ ತೆಗೆದ ಇಪ್ಪತ್ನಾಲ್ಕು ಗಾಜಿನ ಚಿತ್ರಗಳಲ್ಲಿ ಇಪ್ಪತ್ಮೂರು ಅವನ ಬಳಿ ಇದ್ದವು. ಪ್ರತಿ ಚಿತ್ರ ತೆಗೆದ ಜಾಗ ಹುಡುಕಿ ಹೋಗಿ ಅಲ್ಲೇ ನಿಲ್ಲುವುದು ಅವನ ಹುಚ್ಚು. ನಾಲ್ಕು ವರ್ಷದಿಂದ ಸಿಗದಿದ್ದದ್ದು ಇದೊಂದೇ, ಹದಿನೇಳನೆಯದು.

"ನಿಂತು ಏನ್ ಮಾಡ್ತೀರಿ?"

"ಏನಿಲ್ಲ. ನಿಂತ್ಕೋತೀನಿ."

ಎಲಿಯಾನ್‌ಗೆ ನಗು ಬಂತು, ತೋರಿಸಲಿಲ್ಲ. "ಈ ಚಿತ್ರದಲ್ಲಿ ನಮ್ಮಜ್ಜಿಯ ಅಮ್ಮ ಇರಬಹುದು," ಎಂದಳು. "ಅವರು ಅಗಸಗಿತ್ತಿ. ಇಂಥದ್ದೇ ದೋಣೀಲಿ ಬಟ್ಟೆ ಒಗೀತಿದ್ದವರು."

ರೆಮಿ ಗಾಜನ್ನೂ ಅವಳನ್ನೂ ನೋಡಿದ. ಕೊಡಲು ಮನಸ್ಸಿಲ್ಲ, ಕೊಡದಿರಲೂ ಮನಸ್ಸಿಲ್ಲ. "ಒಂದು ಮಾತು. ಸಂಜೆಯೊಳಗೆ ಈ ಜಾಗ ನೀವು ಕಂಡುಹಿಡಿದ್ರೆ ಗಾಜು ನಿಮ್ಮದು. ಇಲ್ಲದಿದ್ರೆ ನಂದು. ಆಮೇಲೆ ಅಳೋ ಹಾಗಿಲ್ಲ."

"ನೀವೂ ಅಳೋ ಹಾಗಿಲ್ಲ."

"ಹೋಗ್ರೋ, ನನ್ನ ಗಿರಾಕಿಗಳಿಗೆ ಅಡ್ಡ ನಿಲ್ಬೇಡಿ," ಎಂದಳು ಮದಾಮ್ ಬೆರ್ತೆ.

ನದಿ ದಾಟಿ ಗುಡ್ಡ ಹತ್ತಿದರು. ಮನೆಗಳ ನಡುವೆಯೇ ಹಾಯುವ ಈ ಊರಿನ ಒಳದಾರಿ ಹಿಡಿದು, ಒಂದು ಮನೆಯ ಬಾಗಿಲಿನಿಂದ ಒಳಹೊಕ್ಕು, ಯಾರದೋ ಅಂಗಳ ದಾಟಿ, ಮೇಲಿನ ಬೀದಿಗೆ ಹೊರಬಿದ್ದರು. ಜೇನುಬಣ್ಣದ ಗೋಡೆಗಳ ಮೇಲೆ ಬಿಸಿಲು ಮೆಲ್ಲಗೆ ಜಾರುತ್ತಿತ್ತು. ರೇಷ್ಮೆ ನೇಯುವವರ ಎತ್ತರದ ಕಿಟಕಿಗಳನ್ನು ಕಂಡಾಗ ಎಲಿಯಾನ್ ನಿಂತೇಬಿಟ್ಟಳು. ಇಷ್ಟೆತ್ತರ ಎಂದು ಅಜ್ಜಿ ಕೈ ಎತ್ತಿ ಎತ್ತಿ ತೋರಿಸುತ್ತಿದ್ದ ಕಿಟಕಿಗಳು. ಕಥೆಯದು ಅಳಿಸಿಹೋಗಲಿಲ್ಲ. ಗೋಡೆಗಳೇ ಕಥೆ ಹೇಳತೊಡಗಿದವು.

ಪ್ರತಿ ಮೆಟ್ಟಿಲಸಾಲಿನ ತುದಿಯಲ್ಲೂ ರೆಮಿ ಜೋಳಿಗೆಯಿಂದ ಮರದ ನೋಡುಪೆಟ್ಟಿಗೆ ತೆಗೆದು ಗಾಜು ಸಿಕ್ಕಿಸುವನು. ಅದರ ಎರಡು ಕಣ್ಣುಗಳಲ್ಲಿ ಇಣುಕಿದರೆ ಚಪ್ಪಟೆ ಚಿತ್ರ ಎದ್ದು ನಿಲ್ಲುವುದು. ಹೆಂಗಸರು ಒಬ್ಬರ ಹಿಂದೊಬ್ಬರು, ದೋಣಿ ಅವರಾಚೆ, ಮಂಜು ಅದರಾಚೆ. ಅವಳು ನೋಡುವಾಗ ಅವನು ಅವಳನ್ನು ನೋಡುತ್ತಿದ್ದ. ಅವಳಿಗೆ ಅದು ಗೊತ್ತಾಗುತ್ತಿತ್ತು. ಅದಕ್ಕೇ ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದಳು.

"ಇದಲ್ಲ," ಎನ್ನುವನು. "ಇಲ್ಲಿ ಮೆಟ್ಟಿಲಿನ ಕಂಬಿ ಎಡಕ್ಕಿದೆ. ಚಿತ್ರದಲ್ಲಿ ಬಲಕ್ಕೆ."

ಒಂದು, ಎರಡು, ಐದು ಕಡೆ. ಬಾದಾಮಿಯ ಗುಲಾಬಿ ಮಿಠಾಯಿ ಹಾಕಿದ ಕಡುಬನ್ನು ಕಾಗದದಲ್ಲೇ ಹಂಚಿಕೊಂಡು ತಿಂದರು. ಅವಳ ತುಟಿಯಂಚಿಗೆ ಬಣ್ಣ ಮೆತ್ತಿತು. ಅವನು ಹೇಳಲೋ ಬೇಡವೋ ಎಂದು ಚಡಪಡಿಸಿದ.

"ಏನು?"

"ಏನಿಲ್ಲ. ಚೆನ್ನಾಗಿದೆ. ಕಡುಬು."

ಬಿಸಿಲು ಬಾಡಿತು. ಆರೂವರೆಗೆ ಅವಳ ರೈಲು. ಒಂದು ಮೆಟ್ಟಿಲಿನ ಮೇಲೆ ಸೋತು ಕೂತಳು. "ಇಟ್ಕೊಳ್ಳಿ ನೀವೇ. ಅಜ್ಜಿ ಇದ್ದಿದ್ರೆ ಕಣ್ಣು ಮುಚ್ಚಿ ತೋರಿಸ್ತಿದ್ಲು. ಅವಳಮ್ಮ ಹೇಗೆ ಇಳೀತಿದ್ಲು ಅಂತ ಅಡಿಗೆಮನೇಲಿ ನಡೆದು ತೋರಿಸೋಳು. ಬುಟ್ಟಿ ಬಲ ಸೊಂಟದ ಮೇಲೆ, ಎಡಗೈ ಕಂಬಿ ಮೇಲೆ..."

ಅವಳು ತನ್ನ ಎಡಗೈ ನೋಡಿಕೊಂಡಳು.

"ಎಡಗೈ," ಎಂದಳು ಮತ್ತೆ. "ರೆಮಿ, ಗಾಜು ತಿರುಗಿಸಿ."

"ಏನು?"

"ಹಿಂದುಮುಂದಾಗಿ ಹಾಕಿದೀರಿ!"

"ಸಾಧ್ಯವೇ ಇಲ್ಲ. ಅಂಚಿನ ಕಾಗದದ ಮೇಲೆ ನಂಬರ್ ಇದೆ. ನಂಬರ್ ಕಾಣೋ ಮುಖವೇ ಮುಂದೆ. ಗಾಜು ಕೂಡಿಡೋರೆಲ್ಲ ಹಾಗೇ ನೋಡೋದು."

"ಕಾಗದ ಹೊಸದು! ಬಾಕಿ ಅಂಚೆಲ್ಲ ಹಳದಿ, ಇದೊಂದೇ ಬಿಳಿ. ಯಾರೋ ಬಿಚ್ಚಿಹೋದದ್ದನ್ನ ಉಲ್ಟಾ ಅಂಟಿಸಿದಾರೆ."

ಓದಲು ಚಿತ್ರದಲ್ಲಿ ಒಂದು ಅಂಗಡಿಯ ಫಲಕವೂ ಇರಲಿಲ್ಲ. ಇದ್ದಿದ್ದರೆ ಅಕ್ಷರಗಳು ಉಲ್ಟಾ ಕಂಡು ಬೆಳಗ್ಗೆಯೇ ಗೊತ್ತಾಗುತ್ತಿತ್ತು. ರೆಮಿ ಗಾಜು ತಿರುಗಿಸಿ ಹಾಕಿ ಇಣುಕಿದ. ಪೆಟ್ಟಿಗೆ ಇಳಿಸಿದ. ಎದುರಿನ ಮೆಟ್ಟಿಲು ನೋಡಿದ. ಮತ್ತೆ ಇಣುಕಿದ. ಅವನ ಕಿವಿಗಳು ಕೆಂಪಾದವು.

"ನಾಲ್ಕನೇ ಜಾಗ," ಎಂದ. "ಆಗಲೇ ದಾಟಿ ಬಂದ್ವಿ. ನಾನೇ ಇದಲ್ಲ ಅಂದಿದ್ದೆ."

ಇಬ್ಬರೂ ಓಡಿದರು. ಆ ಮೆಟ್ಟಿಲಸಾಲಿನ ತುದಿಯಲ್ಲಿ ಈಗ ಯಾರೋ ಒಣಹಾಕಿದ ಮಕ್ಕಳ ಬಟ್ಟೆ, ಒಂದು ಕೆಂಪು ಸೈಕಲ್. ಕೆಳಗೆ ನದಿ. ದೋಣಿ ಇರಲಿಲ್ಲ. ಎಡಕ್ಕೆ ಕಬ್ಬಿಣದ ಕಂಬಿ, ಎಷ್ಟೋ ಅಂಗೈಗಳು ಸವೆಸಿದ್ದು. ಎಲಿಯಾನ್ ಎಡಗೈ ಇಟ್ಟು ಒಂದೊಂದೇ ಮೆಟ್ಟಿಲು ಇಳಿದಳು. ಅಡಿಗೆಮನೆಯಲ್ಲಿ ಅಜ್ಜಿ ನಡೆಯುತ್ತಿದ್ದ ಹಾಗೆಯೇ, ಸೊಂಟ ಚೂರು ಓರೆ ಮಾಡಿ.

ರೆಮಿ ನಿಂತ. ಏನೂ ಮಾಡಲಿಲ್ಲ, ಸುಮ್ಮನೆ ನಿಂತ.

ಪೆರಾಶ್ ನಿಲ್ದಾಣದಲ್ಲಿ ದಿಜೋನಿನ ರೈಲು ಆಗಲೇ ಬಂದು ನಿಂತಿತ್ತು. ಅವನು ಗಾಜನ್ನು ಕರವಸ್ತ್ರದಲ್ಲಿ ಸುತ್ತಿ ಅವಳ ಅಂಗೈಯಲ್ಲಿಟ್ಟ. ಬೆರಳು ಬಿಡಿಸಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

"ಮಾತು ಕೊಟ್ಟಿದ್ದೆ," ಎಂದ. "ಅಳಲ್ಲ ಅಂತಲೂ."

"ನಿಮ್ಮ ಇಪ್ಪತ್ನಾಲ್ಕು ಪೂರ್ತಿ ಆಗಲ್ವಲ್ಲ?"

"ಇಪ್ಪತ್ಮೂರು ಸಾಕು. ಈವತ್ತು ನಾನು ಗಾಜು ಸರಿಯಾಗಿ ನೋಡಲೇ ಇಲ್ಲ, ಎಲಿಯಾನ್. ನಿಮ್ಮನ್ನೇ ನೋಡ್ತಿದ್ದೆ. ಅದಕ್ಕೇ ಬಿಳಿ ಕಾಗದ ಕಾಣಿಸಲಿಲ್ಲ."

ರೈಲಿನ ಸಿಳ್ಳೆ ಕೇಳಿತು. ಅವಳು ಬೋಗಿಯ ಮೆಟ್ಟಿಲು ಹತ್ತಿ ತಿರುಗಿದಳು, ಕರವಸ್ತ್ರದ ಗಂಟನ್ನು ಅವನ ಕೋಟಿನ ಜೇಬಿಗೆ ಇಳಿಬಿಟ್ಟಳು.

"ದಿಜೋನಿಗೆ ಒಯ್ದರೆ ಇದು ಬರೀ ಗಾಜು. ಇಲ್ಲೇ ಇರ್ಲಿ, ಅದರ ಊರಲ್ಲಿ. ಸಂತೆ ಇಲ್ಲದ ದಿನ ಯಾವುದು?"

"ಸಂತೆಯಾ? ಸಂತೆ ಭಾನುವಾರ ಭಾನುವಾರ..."

"ಇಲ್ಲದ ದಿನ ಕೇಳ್ದೆ," ಎಂದಳು ಎಲಿಯಾನ್. "ನನಗೆ ಕೊಳ್ಳೋದೇನೂ ಇಲ್ಲ ಇಲ್ಲಿ. ಬರೋದಿದೆ, ಅಷ್ಟೆ."

ರೈಲು ಅಲುಗಿತು. ರೆಮಿ ಅದರ ಜೊತೆ ನಾಲ್ಕು ಹೆಜ್ಜೆ ನಡೆದ, ಆಮೇಲೆ ಓಡಿದ.

"ಶನಿವಾರ!" ಎಂದು ಕೂಗಿದ. "ಶುಕ್ರವಾರ! ಯಾವತ್ತಾದ್ರೂ!"