ಬೆಳಕು ನುಂಗಿದ ಯಂತ್ರ

"ಅಕ್ಕಯ್ಯಮ್ಮಾ, ನನ್ ಮಿಷಿನ್ನ ಯಾರೋ ಕೊಂದ್‌ಬಿಟ್ಟಿದಾರೆ!"

ಆಯುಧಪೂಜೆಯ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಭೈರೇಶ್ ಕೂಗುತ್ತಾ ಬಂದಾಗ ಕಲಾ ಕಾಫಿ ಲೋಟ ಕುಕ್ಕಿ ಎದ್ದಳು. ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದ ಅಕ್ಕಯ್ಯಮ್ಮ ಮಲ್ಲತ್ತಹಳ್ಳಿಯ ಆ ಬೀದಿಗೆಲ್ಲ ಪತ್ತೇದಾರಿಣಿ. ಮಹಡಿಯ ಬಾಡಿಗೆದಾರಳಾದ ಕಲಾ ಅವರ ಬಾಲ.

ಮಿಷಿನ್ನೆಂದರೆ ಸ್ಪೆಕ್ಟ್ರೊಫೋಟೋಮೀಟರ್. ನೀರಿನ ಮೂಲಕ ಬೆಳಕು ಹಾಯಿಸಿ, ಅದರಲ್ಲೇನು ಬೆರೆತಿದೆ ಎಂದು ಹೇಳುವ ಯಂತ್ರ. ಕೆರೆ ನೀರು ಪರೀಕ್ಷಿಸುವ ಹುಚ್ಚಿಗೆ ಭೈರೇಶ್ ಅದನ್ನು ಮುಚ್ಚಿಹೋದ ಔಷಧಿ ಕಾರ್ಖಾನೆಯೊಂದರಿಂದ ಹದಿನೈದು ಸಾವಿರಕ್ಕೆ ತಂದಿದ್ದ. ಆಮೇಲೆ ಶುರುವಾಯಿತು ನೋಡಿ: ದೀಪಕ್ಕೆ ಹನ್ನೆರಡು ಸಾವಿರ, ಸ್ಟೆಬಿಲೈಜರಿಗೆ ಆರು, ನೀರು ತುಂಬುವ ಪುಟ್ಟ ಗಾಜಿನ ಡಬ್ಬಿಗೆ ಎರಡು. ಆನೆ ಕೊಂಡವನಿಗೆ ಮೇವಿನ ಚಿಂತೆ ತಪ್ಪೀತೇ? "ಇನ್ನೊಂದ್ಸಲ ಕೆಟ್ರೆ ಗುಜರಿಗೆ" ಎಂದು ಹೆಂಡತಿ ಕವನಾ ಮಾತು ತೆಗೆದುಕೊಂಡಿದ್ದಳು. ಈಗ ಕೆಟ್ಟಿತ್ತು. ಗುಜರಿ ರಾಚಪ್ಪನಿಗೆ ಆಗಲೇ ಫೋನೂ ಹೋಗಿತ್ತು.

"ಮೊನ್ನೆ ಸರಿಯಾಗಿತ್ತು. ಈಗ ದೀಪ ಉರೀತಿದೆ, ಆ ಕಡೆ ಬೆಳಕೇ ತಲುಪ್ತಿಲ್ಲ" ಎಂದು ಇಬ್ಬರನ್ನೂ ತನ್ನ ಮನೆಗೆ ಕರೆದೊಯ್ದ ಭೈರೇಶನಿಗೆ ಅಳುವೊಂದು ಬಾಕಿ.

"ನನ್ ಮೇಲೇನಾದ್ರೂ ಡೌಟಾ? ಆ ರೂಮಿಗೆ ನಾನು ಕಾಲೇ ಇಟ್ಟಿಲ್ಲ" ಎಂದು ಕವನಾ ಸಿಡುಕಿದಳು. ರಾಚಪ್ಪ ಎರಡು ದಿನದಿಂದ ಗೇಟಿನ ಬಳಿ ಸುಳಿದಾಡುತ್ತಿದ್ದನೆಂದೂ ಸೇರಿಸಿದಳು. ಕಲಾ ಮನಸ್ಸಿನಲ್ಲೇ ಅವನಿಗೆ ಬೇಡಿ ತೊಡಿಸಿದಳು.

ಭೈರೇಶನ ತಂದೆ ಮುನಿವೆಂಕಟಪ್ಪ, "ಆ ಡಬ್ಬ ಹೋದ್ರೆ ಪೀಡೆ ಹೋಯ್ತು" ಎಂದರು.

"ನಿನ್ನೆ ಪೂಜೆ ಜೋರಾ ಗೌಡ್ರೇ?" ಅಕ್ಕಯ್ಯಮ್ಮ ಕೇಳಿದರು.

"ಸ್ಕೂಟ್ರು, ಮಿಕ್ಸಿ, ಮೋಟ್ರು, ಕತ್ರಿ... ಒಂದನ್ನೂ ಬಿಡ್ಲಿಲ್ಲ. ನಾನೇ ಮಾಡ್ದೆ!"

ನಿಜ, ಎಲ್ಲದರ ಮೇಲೂ ಗಂಧ, ಕುಂಕುಮ ಮೆರೆಯುತ್ತಿದ್ದವು. ಯಂತ್ರದ ಮೈ ಮಾತ್ರ ಶುಭ್ರವಾಗಿತ್ತು. ಅಕ್ಕಯ್ಯಮ್ಮ ಸ್ಪಿರಿಟ್ಟು, ಹತ್ತಿ, ಟಾರ್ಚು ತರಿಸಿದರು. ಅಷ್ಟರಲ್ಲಿ ಆಟೊ ಸಮೇತ ಬಂದ ರಾಚಪ್ಪನನ್ನೂ ಒಳಗೆ ಕರೆದರು.

"ರಾಚಪ್ಪ ಕೈ ಹಾಕಿದ್ರೆ ಹನ್ನೆರಡು ಸಾವಿರದ ದೀಪ ಇರ್ತಿರ್ಲಿಲ್ಲ. ದೀಪ ಇದೆ. ಕವನಾ ಕೆಡಿಸೋದಾದ್ರೆ ಒಂದು ವೈರ್ ಎಳೆದ್ರೆ ಸಾಕಿತ್ತು. ವೈರೆಲ್ಲ ಸರಿಯಿದೆ. ಅಂದ್ರೆ ಬೆಳಕಿಗೆ ಏನೋ ಅಡ್ಡ ಬಂದಿದೆ. ಇನ್ನು ಕತ್ರಿಗೂ ಪೂಜೆ ಮಾಡಿದೋರು ಇಷ್ಟ್ ದೊಡ್ಡ ಮಿಷಿನ್ನ ಬಿಡ್ತಾರಾ? ಕುಂಕುಮ ಮೇಲಿಟ್ರೆ ಮಗ ಬೈತಾನೆ. ಅದಕ್ಕೇ ಒಳಗಿಟ್ಟಿದಾರೆ!"

ಮುಚ್ಚಳ ತೆಗೆದು ಟಾರ್ಚು ಬಿಟ್ಟರು. ಒಳಗೋಡೆಯ ಮೂಲೆಯಲ್ಲಿ, ಬೆಳಕು ಹಾಯಲೆಂದು ಬಿಟ್ಟ ಕಡಲೆಕಾಳಿನಷ್ಟು ಕಿಟಕಿ. ಅದರ ತುಂಬ ಗಂಧ, ನಡುವೆ ಕುಂಕುಮ. ಒರೆಸಿದ್ದೇ ತಡ, ಯಂತ್ರದಲ್ಲಿ ಅಂಕಿಗಳು ಓಡತೊಡಗಿದವು. ಕಲಾ ಚಪ್ಪಾಳೆಯನ್ನೇ ತಟ್ಟಿಬಿಟ್ಟಳು.

"ಅಪ್ಪಾ! ನಿಮ್ಗೆ ಇದನ್ನ ಕಂಡ್ರೆ ಆಗ್ತಾನೇ ಇರ್ಲಿಲ್ವಲ್ಲ?"

ಮುನಿವೆಂಕಟಪ್ಪ ತಲೆ ತಗ್ಗಿಸಿದರು. "ಬಾಯ್ಮಾತಿಗೆ ಬೈತಿದ್ದೆ ಕಣಪ್ಪ. ಆ ಕೆರೇಲಿ ಈಜು ಕಲ್ತೋನು ನಾನು. ಅದರ ಕಷ್ಟ ಕೇಳೋಕೆ ನೀನೊಬ್ಬನಾದ್ರೂ ಇದೀಯ. ಇದು ಮನೆ ಬಿಟ್ಟು ಹೋಗ್ಬಾರ್ದು ಅಂತ ಬೇಡ್ಕೊಂಡೇ ಇಟ್ಟೆ. ಆ ಕಿಟಕೀನೇ ಮಿಷಿನ್ ಹಣೆ ಅಂದ್ಕೊಂಡಿದ್ದೆ."

ಕವನಾ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಯತ್ತ ತಿರುಗಿದಳು.

"ರಾಚಪ್ಪಣ್ಣ, ಕಾಫಿ ಕುಡ್ಕೊಂಡ್ ಹೋಗಿ. ಆಟೊ ಖಾಲೀನೇ ಹೋಗ್ಲಿ."